ಮನೆಯೊಳಗೆ ಯಾವ ಗಿಡ? ಮೊದಲು ಕಿಟಕಿ ನೋಡಿ, ಆಮೇಲೆ ನರ್ಸರಿಗೆ ಹೋಗಿ

ನರ್ಸರಿಯಲ್ಲಿ ಎಲ್ಲ ಗಿಡವೂ ಚೆನ್ನಾಗೇ ಕಾಣುತ್ತದೆ. ಹಸಿರು ನೆರಳುಪರದೆಯ ಕೆಳಗೆ, ಅಕ್ಕಪಕ್ಕದ ನೂರಾರು ಗಿಡಗಳ ತಂಪಿನಲ್ಲಿ ಬೆಳೆದ ಗಿಡ ಅದು. ಅಲ್ಲಿಂದ ತಂದು ಹಾಲ್‌ನ ಮೂಲೆಯಲ್ಲಿ ಟಿವಿ ಪಕ್ಕ ಇಟ್ಟರೆ ಮೊದಲ ಕೆಲವು ವಾರ ಏನೂ ಗೊತ್ತಾಗುವುದಿಲ್ಲ. ಆಮೇಲೆ ಕೆಳಗಿನ ಎಲೆ ಹಳದಿಯಾಗುತ್ತದೆ. ಪಾಪ, ಬಾಯಾರಿದೆ ಅಂದುಕೊಂಡು ಇನ್ನೊಂದು ಲೋಟ ನೀರು ಹಾಕುತ್ತೇವೆ. ಮನೆಯೊಳಗಿನ ಗಿಡಗಳು ಹೆಚ್ಚಾಗಿ ಸಾಯುವುದು ಆ ಲೋಟದ ನೀರಿಂದಲೇ.

ಹಾಗಾಗಿ ಯಾವ ಗಿಡ ತರಲಿ ಅಂತ ಯಾರಾದರೂ ಕೇಳಿದರೆ ನಾನು ಎರಡು ಪ್ರಶ್ನೆ ತಿರುಗಿ ಕೇಳುತ್ತೇನೆ. ಗಿಡ ಇಡುವ ಜಾಗಕ್ಕೆ ಬೆಳಕು ಎಷ್ಟು ಬರುತ್ತದೆ? ನೀವು ನೀರು ಹಾಕಲು ಮರೆಯುವವರೋ, ದಿನಾ ಹಾಕದಿದ್ದರೆ ಸಮಾಧಾನವಿಲ್ಲದವರೋ? ಈ ಎರಡಕ್ಕೆ ಉತ್ತರ ಸಿಕ್ಕರೆ ಪಟ್ಟಿಯಲ್ಲಿ ಅರ್ಧ ಗಿಡಗಳು ತಾವಾಗಿಯೇ ಬಿದ್ದುಹೋಗುತ್ತವೆ. ಎಲೆಯ ಚೆಂದ, ಕುಂಡದ ಬಣ್ಣ ಎಲ್ಲ ಆಮೇಲಿನ ಮಾತು.

ಬೆಳಕು ಅಳೆಯುವುದು ಹೀಗೆ

ನಮ್ಮ ಕಣ್ಣು ಕತ್ತಲೆಗೆ ಬೇಗ ಹೊಂದಿಕೊಳ್ಳುತ್ತದೆ. ಅದಕ್ಕೇ ರೂಮು ಬೆಳಕಾಗಿಯೇ ಇದೆ ಅನ್ನಿಸುತ್ತದೆ. ಕಿಟಕಿಯ ಪಕ್ಕದಿಂದ ಏಳೆಂಟು ಅಡಿ ಒಳಗೆ ಬಂದರೆ ಬೆಳಕು ಎಷ್ಟೋ ಪಾಲು ಇಳಿದಿರುತ್ತದೆ, ನಮಗೆ ಮಾತ್ರ ಗೊತ್ತಾಗಿರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಲೈಟು ಆರಿಸಿ. ಗಿಡ ಇಡುವ ಜಾಗದಲ್ಲಿ ಒಂದು ಬಿಳಿ ಹಾಳೆ ಇಟ್ಟು, ಅದರ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ನೆರಳಿನ ಅಂಚು ಚೂಪಾಗಿದ್ದರೆ ಒಳ್ಳೇ ಬೆಳಕು. ಮಸುಕಾಗಿದ್ದರೂ ಬೆರಳು ಎಣಿಸಬಹುದಾದರೆ ಮಧ್ಯಮ. ನೆರಳೇ ಬೀಳದಿದ್ದರೆ ಅಲ್ಲಿ ಯಾವ ಗಿಡವೂ ಬೆಳೆಯುವುದಿಲ್ಲ, ಕೆಲವು ಹೇಗೋ ದಿನ ದೂಡುತ್ತವೆ ಅಷ್ಟೆ.

ಕಿಟಕಿಯ ದಿಕ್ಕಿನ ವಿಷಯದಲ್ಲಿ ಎಚ್ಚರ ಬೇಕು. ಗಿಡಗಳ ಬಗ್ಗೆ ನಾವು ಓದುವ, ನೋಡುವ ಸಲಹೆಗಳಲ್ಲಿ ಹೆಚ್ಚಿನವು ಅಮೆರಿಕ, ಇಂಗ್ಲೆಂಡ್‌ನವು. ಅಲ್ಲಿ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ದಕ್ಷಿಣದ ಕಿಟಕಿಗೆ ಬಿಸಿಲು, ಉತ್ತರದ ಕಿಟಕಿಗೆ ನೆರಳು ಅನ್ನುವುದು ಅವರ ಲೆಕ್ಕ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಮೇ ತಿಂಗಳಲ್ಲಿ ಉತ್ತರದ ಬಾಲ್ಕನಿಗೂ ಬಿಸಿಲು ಬೀಳುತ್ತದೆ. ನೆರಳು ಅಂತ ನಂಬಿ ಅಲ್ಲಿಟ್ಟ ಪೀಸ್ ಲಿಲಿಯ ಎಲೆ ಮೇಲೆ ಕಂದು ಮಚ್ಚೆ ಬರುವುದು ಆಗಲೇ. ಅದೇ ದಕ್ಷಿಣದ ಕಿಟಕಿಗೆ ನವೆಂಬರ್, ಡಿಸೆಂಬರ್‌ನಲ್ಲಿ ಬಿಸಿಲು ರೂಮಿನ ಒಳಗಿನವರೆಗೂ ಬರುತ್ತದೆ. ನನ್ನನ್ನು ಕೇಳಿದರೆ ಪೂರ್ವದ ಕಿಟಕಿಯೇ ಎಲ್ಲಕ್ಕಿಂತ ಒಳ್ಳೆಯದು. ಬೆಳಗಿನ ಎಳೆಬಿಸಿಲು ಸುಮಾರು ಎಲ್ಲ ಗಿಡಕ್ಕೂ ಒಗ್ಗುತ್ತದೆ. ಪಶ್ಚಿಮದ ಕಿಟಕಿಗೆ ಮಾರ್ಚ್‌ನಿಂದ ಮೇ ತನಕ ತೆಳುವಾದ ಪರದೆ ಬೇಕು.

ನೀರಿಗೂ ಬೆಳಕಿಗೂ ಇರುವ ನಂಟು

ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿಕೊಂಡರೆ ಬೇರಿಗೆ ಉಸಿರು ಕಟ್ಟುತ್ತದೆ, ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರುವುದಿಲ್ಲ. ಹಾಗಾಗಿ ಮೇಲೆ ಎಲೆ ಬಾಡುತ್ತದೆ, ನಾವು ಮತ್ತೆ ನೀರು ಹಾಕುತ್ತೇವೆ. ಬೆಳಕು ಕಡಿಮೆಯಿದ್ದಷ್ಟೂ ಗಿಡ ನೀರು ಕುಡಿಯುವುದು ಕಡಿಮೆ, ಮಣ್ಣು ಒಣಗುವುದು ನಿಧಾನ. ಬಾಲ್ಕನಿಯಲ್ಲಿ ದಿನಬಿಟ್ಟು ದಿನ ನೀರು ಕೇಳುವ ಮನಿ ಪ್ಲಾಂಟಿಗೆ ಬೆಡ್‌ರೂಮಿನ ಕಪಾಟಿನ ಮೇಲೆ ಹತ್ತು ದಿನಕ್ಕೊಮ್ಮೆ ಹಾಕಿದರೂ ಸಾಕಾಗಬಹುದು. ವಾರಕ್ಕೆ ಇಷ್ಟು ಸಲ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣೊಳಗೆ ಇಳಿಸಿ ನೋಡಿ. ಒಣಗಿದ್ದರೆ ತಳದಿಂದ ನೀರು ಹೊರಬರುವ ತನಕ ಹಾಕಿ. ತೇವ ಇದ್ದರೆ ಸುಮ್ನೆ ಬಿಡಿ.

ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಜೆಡ್‌ಜೆಡ್ ಪ್ಲಾಂಟ್

ಮೊದಲ ಸಲ ಗಿಡ ಬೆಳೆಸುವವರು ಸಾಮಾನ್ಯವಾಗಿ ಈ ಮೂರರಲ್ಲಿ ಒಂದನ್ನು ಆರಿಸುತ್ತಾರೆ. ಮೂರೂ ಗಟ್ಟಿ ಜೀವಗಳೇ. ಆದರೆ ಗಟ್ಟಿತನ ಒಂದೇ ಥರದ್ದಲ್ಲ.

ಮನಿ ಪ್ಲಾಂಟಿನ ಮೂಲ ಪೆಸಿಫಿಕ್ ಸಾಗರದ ಮೊರೆಯಾ ದ್ವೀಪ. ಮರ ಹತ್ತುವ ಬಳ್ಳಿ. ನೀರು ಕೊಂಚ ಹೆಚ್ಚಾದರೂ, ಕೊಂಚ ಕಡಿಮೆಯಾದರೂ ಸಹಿಸಿಕೊಳ್ಳುತ್ತದೆ. ಎಲೆ ಸ್ವಲ್ಪ ಜೋತುಬಿದ್ದು, ಬಾಯಾರಿಕೆ ಅಂತ ಮೊದಲೇ ತಿಳಿಸುತ್ತದೆ. ದಿನಾ ನೀರು ಹಾಕುವ ಕೈ ನಿಮ್ಮದಾದರೆ ಮೂರರಲ್ಲಿ ಇದೇ ಸೂಕ್ತ, ಬೇಕಿದ್ದರೆ ಬಾಟಲಿಯ ನೀರಲ್ಲೇ ಬೆಳೆಸಬಹುದು. ಬಿಳಿ, ಹಳದಿ ಪಟ್ಟೆಯಿರುವ ಜಾತಿ ತಂದರೆ ಮಾತ್ರ ಬೆಳಕು ಜಾಸ್ತಿ ಬೇಕು. ಬಿಳಿ ಭಾಗದಲ್ಲಿ ಹಸಿರು ಇಲ್ಲದ್ದರಿಂದ ಅದು ಆಹಾರ ತಯಾರಿಸುವುದಿಲ್ಲ. ಕತ್ತಲೆ ಮೂಲೆಯಲ್ಲಿಟ್ಟರೆ ಹೊಸ ಎಲೆಗಳು ಬರಬರುತ್ತಾ ಪೂರ್ತಿ ಹಸಿರಾಗುತ್ತವೆ. ಬಳ್ಳಿಯ ಗೆಣ್ಣುಗಳ ನಡುವೆ ಅಂತರ ಉದ್ದವಾಗುತ್ತಾ, ಎಲೆ ಸಣ್ಣದಾಗುತ್ತಾ ಹೋದರೂ ಬೆಳಕು ಸಾಲುತ್ತಿಲ್ಲ ಅಂತಲೇ ಅರ್ಥ.

ಸ್ನೇಕ್ ಪ್ಲಾಂಟ್ ಪಶ್ಚಿಮ ಆಫ್ರಿಕಾದ್ದು. ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಜೆಡ್‌ಜೆಡ್ ಪೂರ್ವ ಆಫ್ರಿಕಾದ್ದು, ಅದರ ಉಗ್ರಾಣ ಮಣ್ಣೊಳಗಿದೆ. ಕುಂಡದಿಂದ ಬಿಡಿಸಿ ನೋಡಿದರೆ ಆಲೂಗಡ್ಡೆಯಂಥ ಗಡ್ಡೆಗಳು ಒತ್ತೊತ್ತಾಗಿ ಕೂತಿರುತ್ತವೆ. ಊರಿಗೆ ಹೋಗಿ ಮೂರು ವಾರ ಬಿಟ್ಟು ಬಂದರೂ ಎರಡೂ ಹಾಗೇ ಇರುತ್ತವೆ. ಇವುಗಳನ್ನು ಕೊಲ್ಲುವುದು ಒಂದೇ, ನೀರು. ಸ್ನೇಕ್ ಪ್ಲಾಂಟಿನ ಎಲೆ ಬುಡದಲ್ಲಿ ಮೆತ್ತಗಾಗಿ ಪಕ್ಕಕ್ಕೆ ಬಾಗಿದರೆ, ಹಿಡಿದೆಳೆದರೆ ಕೈಗೇ ಬಂದರೆ, ಕೊಳೆತು ಎಷ್ಟೋ ದಿನ ಆಗಿದೆ ಅಂತ.

ಇವೆರಡರಲ್ಲೇ ಒಂದನ್ನು ಆರಿಸಬೇಕಾದರೆ ತೀರಾ ಮಂದ ಬೆಳಕಿಗೆ ಜೆಡ್‌ಜೆಡ್, ಬಿಸಿಲು ಬೀಳುವ ಜಾಗಕ್ಕೆ ಸ್ನೇಕ್ ಪ್ಲಾಂಟ್. ಜೆಡ್‌ಜೆಡ್ ಎಲೆಗೆ ನೇರ ಬಿಸಿಲು ತಾಗಿದರೆ ಹೊಳಪು ಹೋಗಿ ಸುಟ್ಟ ಗುರುತು ಬೀಳುತ್ತದೆ. ಬೆಲೆಯಲ್ಲೂ ವ್ಯತ್ಯಾಸವಿದೆ. ಜೆಡ್‌ಜೆಡ್ ನಿಧಾನವಾಗಿ ಬೆಳೆಯುವ ಗಿಡ, ಅದಕ್ಕೇ ದುಬಾರಿ. ಸ್ನೇಕ್ ಪ್ಲಾಂಟನ್ನು ದುಡ್ಡು ಕೊಟ್ಟು ತರುವ ಅಗತ್ಯವೂ ಇಲ್ಲ, ಪರಿಚಯದವರ ಮನೆಯಲ್ಲಿ ಒಂದು ಮರಿ ಕೇಳಿದರೆ ಸಾಕು. ಕಲಬುರಗಿ, ರಾಯಚೂರಿನ ಬೇಸಿಗೆಗೂ ಸ್ನೇಕ್ ಪ್ಲಾಂಟ್ ಜಗ್ಗುವುದಿಲ್ಲ. ಮಂಗಳೂರು, ಉಡುಪಿಯಲ್ಲಾದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಇದಕ್ಕೆ ನೀರು ಹಾಕುವುದನ್ನು ಹೆಚ್ಚುಕಡಿಮೆ ಮರೆತೇಬಿಡಬೇಕು. ಅಲ್ಲಿನ ಮಳೆಗಾಲದಲ್ಲಿ ಮಣ್ಣು ಒಣಗುವುದೇ ಇಲ್ಲ.

ಹಾಲ್‌ಗೆ ದೊಡ್ಡ ಗಿಡ: ಅರೆಕಾ ಪಾಮ್ ಅಥವಾ ರಬ್ಬರ್ ಗಿಡ

ಸೋಫಾ ಪಕ್ಕಕ್ಕೆ ಎದೆಯೆತ್ತರದ ಗಿಡ ಬೇಕು ಅಂದರೆ ನರ್ಸರಿಯವರು ಮೊದಲು ತೋರಿಸುವುದು ಅರೆಕಾ ಪಾಮ್. ಮಡಗಾಸ್ಕರ್ ಮೂಲದ ಗಿಡ. ಅಗ್ಗ, ತುಂಬಿಕೊಂಡಿರುತ್ತದೆ, ತಂದ ದಿನವೇ ಮನೆಗೆ ಕಳೆ. ಆದರೆ ನಮ್ಮ ಒಣ ಊರುಗಳ ಮನೆಗಳಲ್ಲಿ ಅದನ್ನು ಹಾಗೇ ಉಳಿಸಿಕೊಳ್ಳುವುದು ಕಷ್ಟದ ಕೆಲಸ. ಒಂದು ಕುಂಡದಲ್ಲಿ ಎಷ್ಟೋ ಸಸಿಗಳನ್ನು ಒತ್ತಾಗಿ ನೆಟ್ಟಿರುತ್ತಾರೆ, ಬೆಳಕು ಸಾಲದಿದ್ದರೆ ನಡುವಿನವು ಒಂದೊಂದಾಗಿ ಒಣಗುತ್ತವೆ. ಫೆಬ್ರವರಿ ದಾಟಿ ಗಾಳಿ ಒಣಗಿದ ಕೂಡಲೇ ನುಸಿ ಬರುತ್ತದೆ. ಗರಿಯ ಮೇಲ್ಗಡೆ ಸಣ್ಣ ಸಣ್ಣ ಮಾಸಲು ಚುಕ್ಕಿ, ಅಡಿಯಲ್ಲಿ ಧೂಳು ಹಿಡಿದ ಹಾಗೆ ತೆಳು ಬಲೆ. ಬೆರಳಿಂದ ಒರೆಸಿ ಬಿಳಿ ಕಾಗದದ ಮೇಲೆ ಕೊಡವಿ ನೋಡಿ, ಆ ಧೂಳಿನ ಕಣಗಳು ನಿಧಾನಕ್ಕೆ ನಡೆಯುತ್ತವೆ. ಆಗ ಗಿಡವನ್ನು ಬಚ್ಚಲಿಗೆ ಒಯ್ದು ಗರಿಯ ಅಡಿಭಾಗಕ್ಕೆ ಶವರಿನಿಂದ ಜೋರಾಗಿ ನೀರು ಬಿಡಬೇಕು. ಆಮೇಲೆ ವಾರಕ್ಕೊಮ್ಮೆ ಬೇವಿನ ಎಣ್ಣೆಯನ್ನು ಎರಡು ಹನಿ ಸೋಪಿನ ಜೊತೆ ನೀರಿಗೆ ಬೆರೆಸಿ ಸಿಂಪಡಿಸಬೇಕು, ಸಂಜೆ ಹೊತ್ತು.

ಇನ್ನೊಂದು ತೊಂದರೆ ಬೋರ್‌ವೆಲ್ ನೀರು. ಅದರ ಉಪ್ಪು ಮಣ್ಣಲ್ಲಿ ಕೂಡುತ್ತಾ ಹೋಗುತ್ತದೆ, ಗರಿಗಳ ತುದಿ ಕಂದಾಗುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದ್ದರೆ ಅದೇ ಸುಳಿವು. ನೀರು ಉಳಿಸೋಣ ಅಂತ ಎಷ್ಟೋ ಮನೆಗಳಲ್ಲಿ ಆರ್‌ಓ ಯಂತ್ರದಿಂದ ಹೊರಗೆ ಹೋಗುವ ನೀರನ್ನು ಹಿಡಿದು ಗಿಡಕ್ಕೆ ಹಾಕುತ್ತಾರೆ. ಆಸೆ ಒಳ್ಳೆಯದೇ. ಆದರೆ ಶುದ್ಧ ನೀರು ನಮ್ಮ ಲೋಟಕ್ಕೆ ಬಂದು, ಉಪ್ಪೆಲ್ಲ ಸೇರಿಕೊಂಡಿರುವುದು ಆ ಉಳಿಕೆ ನೀರಲ್ಲೇ. ನೆಲ ಒರೆಸಲು, ಬಚ್ಚಲು ತೊಳೆಯಲು ಅದನ್ನು ಬಳಸಿ. ಗಿಡಕ್ಕೆ ಮಳೆನೀರು ಹಿಡಿದಿಟ್ಟು ಹಾಕಿ.

ರಬ್ಬರ್ ಗಿಡದ ಕತೆಯೇ ಬೇರೆ. ರಬ್ಬರ್ ತೋಟದಲ್ಲಿ ಬೆಳೆಸುವ ಮರವಲ್ಲ ಇದು, ನಮ್ಮ ದೇಶದ್ದೇ ಬೇರೊಂದು ಮರ. ಮೇಘಾಲಯದ ಬೆಟ್ಟಗಳಲ್ಲಿ ಹಳ್ಳ ದಾಟಲು ಜನ ಬೇರುಗಳನ್ನೇ ಹೆಣೆದು ಸೇತುವೆ ಬೆಳೆಸುತ್ತಾರಲ್ಲ, ಅವು ಇದೇ ಮರದ ಬೇರುಗಳು. ಎಲೆ ದಪ್ಪ, ಒಣ ಗಾಳಿಗೆ ಹೆದರುವುದಿಲ್ಲ, ನುಸಿಯ ಕಾಟ ಅರೆಕಾದಷ್ಟಿಲ್ಲ. ಕಿಟಕಿಯಿಂದ ಮೂರು ನಾಲ್ಕು ಅಡಿಯೊಳಗೆ ಇಟ್ಟು, ತಿಂಗಳಿಗೆರಡು ಸಲ ಒದ್ದೆ ಬಟ್ಟೆಯಿಂದ ಎಲೆ ಒರೆಸಿದರೆ ವರ್ಷಗಟ್ಟಲೆ ಬಾಳುತ್ತದೆ. ಜಾಗ ಬದಲಾಯಿಸಿದಾಗ ಒಂದೆರಡು ಎಲೆ ಉದುರಿಸುತ್ತದೆ, ಗಾಬರಿ ಬೇಡ. ತೀರಾ ಎತ್ತರವಾದರೆ ತುದಿ ಕತ್ತರಿಸಿ, ಕೆಳಗಿನಿಂದ ಟಿಸಿಲೊಡೆಯುತ್ತದೆ. ಕತ್ತರಿಸಿದಲ್ಲಿ ಒಸರುವ ಬಿಳಿ ಹಾಲು ಚರ್ಮಕ್ಕೆ ತಾಗದಂತೆ ನೋಡಿಕೊಳ್ಳಿ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಫ್ಲಾಟುಗಳಿಗೆ ನನ್ನ ಓಟು ರಬ್ಬರ್ ಗಿಡಕ್ಕೇ. ಕರಾವಳಿಯಲ್ಲಿ ಗಾಳಿಯಲ್ಲೇ ತೇವ ಇರುವುದರಿಂದ ಅಲ್ಲಿ ಅರೆಕಾ ತರಬಹುದು. ಫೋಟೋಗಳಲ್ಲಿ ತುಂಬಾ ಕಾಣುವ ಫಿಡಲ್ ಲೀಫ್ ಫಿಗ್ ಕೂಡ ರಬ್ಬರ್ ಗಿಡದ ನೆಂಟನೇ, ಆದರೆ ರಬ್ಬರ್ ಗಿಡಕ್ಕಿರುವ ತಾಳ್ಮೆ ಇದಕ್ಕಿಲ್ಲ. ಬೆಳಕು ಕಡಿಮೆಯಾದರೆ, ಕುಂಡ ಸರಿಸಿದರೆ, ನೀರು ಏರುಪೇರಾದರೆ ಎಲೆ ಉದುರಿಸುತ್ತಲೇ ಇರುತ್ತದೆ. ಪೂರ್ವಕ್ಕೆ ದೊಡ್ಡ ಕಿಟಕಿ ಇಲ್ಲದಿದ್ದರೆ ಬೇಡ.

ಮೇಜಿನ ಮೇಲೆ: ಪೀಸ್ ಲಿಲಿ ಮತ್ತು ಸ್ಪೈಡರ್ ಪ್ಲಾಂಟ್

ಪೀಸ್ ಲಿಲಿಯನ್ನು ಗಿಡ ಕಲಿಯುವವರ ಗುರು ಅಂತ ನಾನು ಮೆಚ್ಚುತ್ತೇನೆ. ಬಾಯಾರಿದರೆ ಎಲೆಗಳೆಲ್ಲ ಒಟ್ಟಿಗೆ ಕುಸಿದು ಕುಂಡದ ಅಂಚಿನಿಂದ ಕೆಳಗೆ ಜೋತುಬೀಳುತ್ತವೆ. ಇನ್ನೇನು ಹೋಯಿತು ಅನ್ನಿಸುತ್ತದೆ. ಚೆನ್ನಾಗಿ ನೀರು ಕುಡಿಸಿ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಒಂದೊಂದೇ ತೊಟ್ಟು ಸೆಟೆದು ಮೇಲೇಳುತ್ತದೆ, ಸಂಜೆಗೆ ಏನೂ ಆಗಿಲ್ಲದ ಹಾಗೆ ನಿಂತಿರುತ್ತದೆ. ಹಾಗಂತ ಪ್ರತಿ ಸಲ ಬೀಳಿಸಿ ಎಬ್ಬಿಸಬೇಡಿ, ಎಲೆ ಅಂಚು ಕಂದಾಗುತ್ತದೆ. ಮಂದ ಬೆಳಕಿನಲ್ಲೂ ಬದುಕುತ್ತದೆ ಅನ್ನುವುದು ನಿಜ. ಆದರೆ ಆ ಬಿಳಿ ಹೂ ಬೇಕು ಅಂದರೆ ಕಿಟಕಿ ಹತ್ತಿರವೇ ಇರಬೇಕು. ನರ್ಸರಿಯಿಂದ ಹೂವಿನ ಸಮೇತ ಬಂದ ಗಿಡ ಮನೆಯಲ್ಲಿ ಮತ್ತೆ ಹೂ ಬಿಡುತ್ತಿಲ್ಲ ಅಂದರೆ ಗೊಬ್ಬರ ಹುಡುಕುವ ಮೊದಲು ಕುಂಡವನ್ನು ಬೆಳಕಿಗೆ ಸರಿಸಿ.

ಸ್ಪೈಡರ್ ಪ್ಲಾಂಟ್ ಅಷ್ಟು ನಾಟಕ ಮಾಡುವುದಿಲ್ಲ. ದಪ್ಪ ಬಿಳಿ ಬೇರುಗಳಲ್ಲಿ ನೀರು ಇಟ್ಟುಕೊಂಡಿರುತ್ತದೆ. ಉದ್ದ ಕಡ್ಡಿ ಬಿಟ್ಟು ಅದರ ತುದಿಗೆ ಮರಿ ಮಾಡುತ್ತದೆ, ಆ ಮರಿಯನ್ನು ನೀರಲ್ಲಿಟ್ಟರೆ ಬೇರು ಬರುತ್ತದೆ. ಗಡಸು ನೀರಿಗೆ ಎಲೆ ತುದಿ ಒಣಗುವುದೊಂದೇ ಇದರ ಗೋಳು. ಮನೆಯಲ್ಲಿ ಬೆಕ್ಕಿದ್ದರೆ ಎರಡರಲ್ಲಿ ಯಾವುದು ಅಂತ ಯೋಚಿಸುವುದೇ ಬೇಡ, ಸ್ಪೈಡರ್ ಪ್ಲಾಂಟೇ. ಪೀಸ್ ಲಿಲಿ, ಮನಿ ಪ್ಲಾಂಟ್, ಜೆಡ್‌ಜೆಡ್, ಮಾನ್‌ಸ್ಟೆರಾ, ಡೈಫೆನ್‌ಬೇಕಿಯಾ ಇವೆಲ್ಲ ಒಂದೇ ಕುಟುಂಬದವು, ನಮ್ಮ ಕೆಸುವಿನ ಬಳಗ. ಕೆಸು ಸರಿಯಾಗಿ ಬೇಯದಿದ್ದರೆ ಗಂಟಲು ಕೆರೆಯುತ್ತದಲ್ಲ, ಅದೇ ಸೂಜಿಯಂಥ ಹರಳುಗಳು ಇವುಗಳ ಎಲೆಯಲ್ಲೂ ಇವೆ. ಅಂಬೆಗಾಲಿಡುವ ಮಗು ಅಗಿದರೆ ಬಾಯಿ ಉರಿ, ಊತ ಬರುತ್ತದೆ. ಡೈಫೆನ್‌ಬೇಕಿಯಾವನ್ನಂತೂ ಮಕ್ಕಳಿರುವ ಮನೆಗೆ ತರಲೇಬೇಡಿ. ಸ್ನೇಕ್ ಪ್ಲಾಂಟ್ ಬೇರೆ ಕುಟುಂಬದ್ದಾದರೂ ಅದನ್ನು ತಿಂದರೆ ಬೆಕ್ಕು, ನಾಯಿಗೆ ವಾಂತಿ ಆಗಬಹುದು. ಅರೆಕಾ ಪಾಮ್‌ನಿಂದ ಆ ಭಯ ಇಲ್ಲ.

ಮಾನ್‌ಸ್ಟೆರಾ ತರುವವರಿಗೆ ಒಂದು ಮಾತು. ಎಲೆಯಲ್ಲಿ ಆ ಸೀಳು, ತೂತು ಬರಬೇಕಾದರೆ ಬೆಳಕೂ ವಯಸ್ಸೂ ಎರಡೂ ಬೇಕು. ಬೆಳೆದಂತೆ ಅಗಲಕ್ಕೆ ಮೂರು ನಾಲ್ಕು ಅಡಿ ಜಾಗ ಕೇಳುತ್ತದೆ. ತೆಂಗಿನ ನಾರು ಸುತ್ತಿದ ಕೋಲು ನೆಟ್ಟು ಹತ್ತಿಸಿ. ಕ್ಯಾಲೇಥಿಯಾ ನೋಡಲು ಬಣ್ಣ ಬಳಿದ ಹಾಗಿದ್ದರೂ ಗಡಸು ನೀರು, ಒಣ ಗಾಳಿ ಎರಡನ್ನೂ ತಡೆಯುವುದಿಲ್ಲ. ಅದು ಮಲೆನಾಡು, ಕರಾವಳಿಯವರ ಭಾಗ್ಯ.

ತುಳಸಿ ಒಳಗೆ ಬೇಡ, ವೀಳ್ಯದೆಲೆ ಬರಲಿ

ಬಾಲ್ಕನಿ ಇಲ್ಲದ ಮನೆಗಳಲ್ಲಿ ದೇವರ ಕೋಣೆಯ ಪಕ್ಕ ತುಳಸಿ ಇಟ್ಟು, ಅದು ಒಣಗಿದಾಗ ಮನಸ್ಸಿಗೆ ಹಚ್ಚಿಕೊಳ್ಳುವವರನ್ನು ನೋಡಿದ್ದೇನೆ. ಅದರಲ್ಲಿ ಅಪಶಕುನ ಏನೂ ಇಲ್ಲ. ತುಳಸಿಗೆ ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಬೇಕು, ಅಂಗಳದ ಗಿಡ ಅದು. ಕಿಟಕಿಯ ಹೊರಗಿನ ಗ್ರಿಲ್‌ನಲ್ಲಿ ಜಾಗ ಮಾಡಿ. ದೊಡ್ಡಪತ್ರೆಯೂ ಒಳಗೆ ಸೊರಗಿ ಉದ್ದುದ್ದ ಬೆಳೆಯುತ್ತದೆ.

ಮನೆಬಳಕೆಯ ಗಿಡವೇ ಬೇಕು ಅನ್ನುವವರಿಗೆ ವೀಳ್ಯದೆಲೆ ಬಳ್ಳಿ ಇದೆ. ಅಡಿಕೆ ತೋಟದ ನೆರಳಿನಲ್ಲಿ ಮರಕ್ಕೆ ಹಬ್ಬಿಕೊಂಡು ಬೆಳೆಯುವ ಬಳ್ಳಿ. ಕಡುಬಿಸಿಲು ಅದಕ್ಕೆ ಬೇಡ. ಬೆಳಕಿರುವ ಕಿಟಕಿ, ತೇವ ಹಿಡಿಯುವ ಮಣ್ಣು, ಆಗಾಗ ಎಲೆಗೆ ನೀರಿನ ಸಿಂಪಡಣೆ, ಹತ್ತಲು ಒಂದು ಕೋಲು ಇಷ್ಟಿದ್ದರೆ ಅಡುಗೆಮನೆಯ ಕಿಟಕಿಯಲ್ಲೂ ಹಬ್ಬುತ್ತದೆ. ಮನಿ ಪ್ಲಾಂಟಿಗಿಂತ ಆರೈಕೆ ಜಾಸ್ತಿ ಕೇಳುತ್ತದೆ, ಆದರೆ ಹಬ್ಬದ ದಿನ ತಾಂಬೂಲಕ್ಕೆ ಮನೆಯದೇ ಎಲೆ ಸಿಗುತ್ತದೆ ಅಲ್ವಾ! ಈ ಬಳ್ಳಿಯನ್ನು ಶೋಕಿಯ ಗಿಡಗಳ ಸಾಲಿಗೆ ಯಾರೂ ಸೇರಿಸುವುದಿಲ್ಲ ಅನ್ನುವುದು ನನಗೆ ಬೇಸರ. ಹೃದಯದಾಕಾರದ ಆ ಎಲೆಯ ಹೊಳಪು ಯಾವ ದುಬಾರಿ ಗಿಡಕ್ಕೂ ಕಡಿಮೆಯಿಲ್ಲ.

ಗಾಳಿ ಶುದ್ಧಿ, ಸೊಳ್ಳೆ

"ಗಾಳಿ ಶುದ್ಧ ಮಾಡುತ್ತದೆ" ಅನ್ನುವ ಚೀಟಿ ನೋಡಿ ಹೆಚ್ಚು ಬೆಲೆ ಕೊಡಬೇಡಿ. ಆ ಮಾತು ಹುಟ್ಟಿದ್ದು 1989ರ ನಾಸಾ ಅಧ್ಯಯನದಿಂದ. ಅದನ್ನು ನಡೆಸಿದ್ದು ಗಾಳಿಯಾಡದ ಸಣ್ಣ ಮುಚ್ಚಿದ ಪೆಟ್ಟಿಗೆಗಳಲ್ಲಿ. ಅಂಥ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ನೋಡಿದ 2019ರ ವಿಮರ್ಶೆಯ ಪ್ರಕಾರ, ಕಿಟಕಿ ಬಾಗಿಲಿನಿಂದ ಆಗುವ ಗಾಳಿಯಾಟಕ್ಕೆ ಸಮ ಆಗಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು. ಸ್ನೇಕ್ ಪ್ಲಾಂಟ್ ರಾತ್ರಿ ಆಮ್ಲಜನಕ ಕೊಡುತ್ತದೆ ಅಂತಲೂ ಹೇಳುತ್ತಾರೆ. ಅದು ರಾತ್ರಿ ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುವುದು ನಿಜ. ಆಮ್ಲಜನಕ ತಯಾರಾಗಲು ಮಾತ್ರ ಬೆಳಕು ಬೇಕೇ ಬೇಕು. ಗಿಡ ಸಾಕಲು ಕಣ್ಣಿಗೆ ತಂಪು, ಮನಸ್ಸಿಗೆ ಖುಷಿ ಅನ್ನುವ ಕಾರಣ ಸಾಲದೇ?

ಸೊಳ್ಳೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ನಿಂತ ತಿಳಿನೀರು ಸ್ವಲ್ಪವೇ ಇದ್ದರೂ ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 8ರಿಂದ 10 ದಿನ. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡವನ್ನೂ ಇಟ್ಟಿತು. ಕುಂಡದ ಕೆಳಗಿನ ತಟ್ಟೆಯ ನೀರನ್ನು ಅವತ್ತೇ ಚೆಲ್ಲಿ. ಬಾಟಲಿಯ ಮನಿ ಪ್ಲಾಂಟ್, ಲಕ್ಕಿ ಬ್ಯಾಂಬೂ ಇದ್ದರೆ ವಾರಕ್ಕೊಮ್ಮೆ ನೀರು ಬದಲಿಸುವಾಗ ಒಳಗೋಡೆಯನ್ನೂ ತಿಕ್ಕಿ ತೊಳೆಯಿರಿ, ಮೊಟ್ಟೆ ಅಂಟಿಕೊಂಡಿರುವುದು ಅಲ್ಲಿ. ವಾರಕ್ಕೊಮ್ಮೆ ಆಗುವುದಿಲ್ಲ ಅನ್ನುವವರು ಮಣ್ಣಲ್ಲೇ ಬೆಳೆಸುವುದು ವಾಸಿ.

ಕೊಳ್ಳುವಾಗ

ಲಾಲ್‌ಬಾಗ್‌ನ ಜನವರಿ, ಆಗಸ್ಟ್ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಬರುವಾಗ ಕೈಯಲ್ಲಿ ಒಂದು ಗಿಡ ಹಿಡಿದೇ ಬರುತ್ತಾರೆ. ಆಗಸ್ಟ್ ಒಳ್ಳೇ ಕಾಲ. ಗಾಳಿಯಲ್ಲಿ ತೇವ ಇರುತ್ತದೆ, ಗಿಡ ಹೊಸ ಮನೆಗೆ ಬೇಗ ಹೊಂದಿಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ತಂದರೆ ಆ ಗಿಡಕ್ಕೆ ಕಷ್ಟ ಜಾಸ್ತಿ. ನರ್ಸರಿಯಲ್ಲಿ ಹೂ ಬಿಟ್ಟಿರುವ, ಎತ್ತರದ ಗಿಡಕ್ಕಿಂತ ಹೊಸ ಚಿಗುರು ಇರುವ ಗಿಡ ಆರಿಸಿ. ಎಲೆ ತಿರುಗಿಸಿ ಅಡಿಭಾಗ ನೋಡಿ. ಎಲೆ ಕಾಂಡಕ್ಕೆ ಕೂಡುವ ಸಂದಿನಲ್ಲಿ ಹತ್ತಿಯ ಎಳೆಯಂಥ ಬಿಳಿ ಮುದ್ದೆ ಇದ್ದರೆ ಅದು ಹಿಟ್ಟು ತಿಗಣೆ. ಎಷ್ಟೇ ಅಗ್ಗವಾದರೂ ಬಿಟ್ಟುಬನ್ನಿ, ಅದೊಂದೇ ಗಿಡ ಮನೆಯ ಉಳಿದ ಗಿಡಗಳಿಗೂ ಹಚ್ಚುತ್ತದೆ.

ತಂದ ಗಿಡವನ್ನು ಎರಡು ವಾರ ಬೇರೆ ರೂಮಿನಲ್ಲಿ ಒಂಟಿಯಾಗಿ ಇಡಿ. ಅವತ್ತೇ ಕುಂಡ ಬದಲಿಸುವ ಆತುರ ಬೇಡ. ಹೊಸ ಎಲೆ ಕಾಣಿಸಿದ ಮೇಲೆ, ಹಳೆಯದಕ್ಕಿಂತ ಒಂದೆರಡು ಇಂಚು ಮಾತ್ರ ಅಗಲದ, ತಳದಲ್ಲಿ ತೂತಿರುವ ಕುಂಡಕ್ಕೆ ಬದಲಿಸಿ. ಬರೀ ಕೆಂಪುಮಣ್ಣು ತುಂಬಬೇಡಿ, ನೀರು ಬಿದ್ದು ಬಿದ್ದು ಗಟ್ಟಿಯಾಗುತ್ತದೆ. ಒಂದು ಪಾಲು ಮಣ್ಣು, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಗೊಬ್ಬರ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ. ಸ್ನೇಕ್ ಪ್ಲಾಂಟ್, ಜೆಡ್‌ಜೆಡ್‌ಗಾದರೆ ಕೋಕೋಪೀಟ್ ಕಡಿಮೆ ಮಾಡಿ, ಆ ಜಾಗಕ್ಕೆ ದಪ್ಪ ಮರಳನ್ನೋ ಪರ್ಲೈಟ್ ಅನ್ನುವ ಹಗುರವಾದ ಬಿಳಿ ಹರಳನ್ನೋ ಸೇರಿಸಿ.